ಸವದತ್ತಿಯ ನಾಲ್ಕು ರುದ್ರಪ್ಪಂದಿರು

ಈಚೆಗೆ ನಾನು ಒಂದೇ ಒಂದು ಸಾಲು ಟೈಪ್ ಮಾಡಿ ಮೂವರು ಬೀಗರನ್ನು ಮಾಯ ಮಾಡಿದೆ.

(ಗಾಬರಿಯಾಗಬೇಡಿ. ಮೂವರೂ ಸವದತ್ತಿಯಲ್ಲಿ ಆರೋಗ್ಯವಾಗಿಯೇ ಇದ್ದರು. ಸಿಟ್ಟಿನಲ್ಲೂ ಇದ್ದರು.)

ನಡೆದದ್ದಿಷ್ಟು. ಸಂಪಗಾಂವದಲ್ಲಿ ನನ್ನ ಅಣ್ಣನ ಮಗಳ ಮದುವೆ. ಕರೆಯಬೇಕಾದವರ ಪಟ್ಟಿ ಮೂರು ಕಡೆಯಿಂದ ಬಂತು. ಅಣ್ಣನದೊಂದು, ರಾಮದುರ್ಗದ ಅಕ್ಕನದೊಂದು, ತವರು ಸವದತ್ತಿಯವರನ್ನೆಲ್ಲ ನೆನಪಿಸಿಕೊಂಡು ಅಣ್ಣನ ಹೆಂಡತಿ, ನಮ್ಮ ವೈನಿ, ಬರೆದದ್ದೊಂದು. ಒಬ್ಬ ಕಾಕಾ ಮೂರರಲ್ಲೂ ಇದ್ದಾರೆ. ಒಬ್ಬ ಅತ್ತೆ ಎರಡರಲ್ಲಿ. ಒಂದೇ ಮನೆಗೆ ಮೂರು ಪತ್ರಿಕೆ ಹೋದರೆ ನಗುವುದಿಲ್ಲವೇ?

"ನೀ ಕಾಲೇಜಿನಾಗ ಕಂಪ್ಯೂಟರ್ ಕಲಸ್ತೀ ಅಲ್ಲ? ನೀನ ನೋಡವಾ," ಎಂದು ಅಣ್ಣ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ.

ಕಟ್ಟಲಿ! ಬೈಲಹೊಂಗಲದ ಲ್ಯಾಬಿನಲ್ಲಿ ವರ್ಷಗಟ್ಟಲೆ ಯುನಿಕ್ಸ್ ಕಲಿಸಿದ ಜಂಬ ನನಗೂ ಇದೆ. ಎಲ್ಲರೂ ಲ್ಯಾಪ್‌ಟಾಪ್ ಸುತ್ತ ಕುಳಿತರು. ಕಪ್ಪು ಪರದೆ. ಮೌಸ್ ಮುಟ್ಟುವ ಮಾತೇ ಇಲ್ಲ. ಮೂರೂ ಪಟ್ಟಿ ಕೂಡಿಸಲು ‘ಕ್ಯಾಟ್’, ಅಕ್ಷರದ ಪ್ರಕಾರ ಜೋಡಿಸಲು ‘ಸಾರ್ಟ್’, ಒಂದೇ ಸಾಲು ಮತ್ತೆ ಬಂದರೆ ತೆಗೆಯಲು ‘ಯುನೀಕ್’. ನಡುನಡುವೆ ಒಂದೊಂದು ನಿಂತ ಗೆರೆ (ಇದಕ್ಕೆ ಪೈಪ್ ಎನ್ನುತ್ತಾರೆ, ನವಿಲುತೀರ್ಥದ ಅಣೆಕಟ್ಟಿನ ನೀರು ಕಾಲುವೆ ಹಿಡಿದು ಹೊಲಕ್ಕೆ ಬಂದ ಹಾಗೆ, ಒಂದು ಕಮಾಂಡಿನಿಂದ ಹೊರಟದ್ದು ಇನ್ನೊಂದಕ್ಕೆ ಹರಿಯುತ್ತದೆ). ಎಂಟರ್ ಒತ್ತಿದೆ. ಪಟ್ಟಿ ಅರ್ಧಕ್ಕಿಳಿಯಿತು.

"ಭಾಳ ಶಾಣ್ಯಾಕಿ ಅದಿ ನೋಡವಾ!" ಎಂದರು ವೈನಿ. ನಾನು ಉಬ್ಬಿಹೋದೆ. ಪಾಕೀಟಿಗೆ ಅಂಟಿಸುವ ಹೆಸರುಗಳನ್ನೂ ಅದೇ ಪಟ್ಟಿಯಿಂದ ಪ್ರಿಂಟ್ ತೆಗೆದೆ. ಸವದತ್ತಿಯ ಪತ್ರಿಕೆಗಳನ್ನು ನನ್ನ ಯಜಮಾನರು ಬೈಕಿನಲ್ಲಿ ಹೋಗಿ ಹಂಚಿ ಬಂದರು.

ಮೂರನೆಯ ದಿನ ವೈನಿಗೆ ಫೋನ್. ಅವರ ತಮ್ಮ ರುದ್ರಪ್ಪ.

"ಅಕ್ಕಾ, ನನಗ ಕಾರ್ಡ್ ಬಂದಿಲ್ಲ."

"ಫೋನಿನಾಗ ಹೇಳೇನಲ್ಲೋ ತಮ್ಮಾ."

"ಫೋನಿನಾಗ ಹೇಳಿದ್ರ ಕರದಂಗಾತೇನು? ದೊಡ್ಡಪ್ಪನ ಮಗ ಮಾಸ್ತರ ರುದ್ರಪ್ಪಗ ಬಂದೈತಿ. ಉಳದ ಮೂರು ರುದ್ರಪ್ಪ ಏನ್ ಪಾಪ ಮಾಡೇವಿ? ನಾವು ಮೂರೂ ಮಂದಿ ಲಗ್ನಕ್ಕ ಬರೂದಿಲ್ಲ."

ವೈನಿಯ ಮುಖ ಬಿಳಿಚಿಕೊಂಡಿತು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಬರುವುದಿಲ್ಲ ಎಂದರೆ?

ಆಗ ವೈನಿ ಬಿಡಿಸಿ ಹೇಳಿದರು. ವೈನಿಯ ಅಜ್ಜ ರುದ್ರಪ್ಪ. ಅವರಿಗೆ ನಾಲ್ಕು ಗಂಡುಮಕ್ಕಳು. ನಾಲ್ವರೂ ತಮ್ಮ ಮೊದಲ ಮಗನಿಗೆ ಭಕ್ತಿಯಿಂದ ಅಪ್ಪನ ಹೆಸರನ್ನೇ ಇಟ್ಟರು. ಹೆಸರು, ಅಡ್ಡಹೆಸರು, ಊರು ಮೂರೂ ಒಂದೇ! ಓಣಿಯವರು ಅವರನ್ನು ಮಾಸ್ತರ ರುದ್ರಪ್ಪ, ಟ್ರ್ಯಾಕ್ಟರ್ ರುದ್ರಪ್ಪ, ಮೂಲಿಮನಿ ರುದ್ರಪ್ಪ, ಸಣ್ಣ ರುದ್ರಪ್ಪ ಎಂದು ಕರೆಯುತ್ತಾರಂತೆ.

"ಪಟ್ಟಿಯೊಳಗ ಹಂಗ ಬರೀಬೇಕಿಲ್ಲೇನ್ರಿ ವೈನಿ?"

"ಲಗ್ನದ ಪಾಕೀಟಿನ ಮ್ಯಾಲೆ ಟ್ರ್ಯಾಕ್ಟರ್ ಅಂತ ಬರಿತಾರೇನವಾ?"

ಅದೂ ನಿಜ. ಅವರು ಮರ್ಯಾದೆಯಿಂದ ಒಂದೇ ಹೆಸರನ್ನು ನಾಲ್ಕು ಸಲ ಬರೆದರು. ನಾನು ಜಾಣತನದಿಂದ ಮೂರನ್ನು ಅಳಿಸಿದೆ. ‘ಯುನೀಕ್’ ಜೊತೆ ಒಂದು ‘ಮೈನಸ್ ಸಿ’ ಹಾಕಿದ್ದರೆ ಯಾವ ಸಾಲು ಎಷ್ಟು ಸಲ ಇದೆ ಎಂದು ಪಕ್ಕದಲ್ಲೇ ತೋರಿಸುತ್ತಿತ್ತು. ಪಟ್ಟಿ ಮೂರೇ, ರುದ್ರಪ್ಪ ಮಾತ್ರ ನಾಲ್ಕು! ಅನುಮಾನ ಬರುತ್ತಿರಲಿಲ್ಲವೇ? ಅಳಿಸುವ ಮೊದಲು ಎಣಿಸಿ ನೋಡಿ ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುವವಳು ನಾನೇ. ನಿಜಕ್ಕೂ ನಾಚಿಕೆಯಾಯಿತು.

ಮರುದಿನವೇ ನಾನೂ ವೈನಿಯೂ ಸವದತ್ತಿ ಬಸ್ ಹತ್ತಿದೆವು. ಮೂರೂ ಮನೆಗೆ ಹೋಗಿ, ಕುಂಕುಮ ಹಚ್ಚಿ, ಪತ್ರಿಕೆ ಕೊಟ್ಟು, ತಪ್ಪು ನನ್ನದೆಂದು ಒಪ್ಪಿಕೊಂಡೆ. ಮೂರೂ ಕಡೆ ಚುರುಮುರಿ, ಚಹಾ. (ಬೇಡ ಎಂದರೆ ಮತ್ತೊಂದು ಮುನಿಸು.) ವೈನಿಯ ತಮ್ಮ ಕೊನೆಗೂ ನಕ್ಕರು.

"ಹೆಸರು ಒಂದ ಇರಬಹುದ್ರಿ ಅಕ್ಕಾರ. ಸಿಟ್ಟು ಬ್ಯಾರೆ ಬ್ಯಾರೆ ಇರತಾವು. ಚಿಂತಿ ಮಾಡಬ್ಯಾಡ್ರಿ, ಬರತೇನಿ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಜೀವವೂ ಹಗುರಾಯಿತು. ಬಸ್ ಸ್ಟ್ಯಾಂಡಿನತ್ತ ಹೊರಟರೆ ಓಣಿಯ ತುದಿಯಲ್ಲಿ ಮಾಸ್ತರ ರುದ್ರಪ್ಪ ಅಡ್ಡ ನಿಂತಿದ್ದರು.

"ಅವರ ಮೂರೂ ಮನಿಗೆ ನೀವ ಬಂದು, ಕುಂತು, ಚಹಾ ಕುಡದು ಕರದ್ರಿ. ನನಗ? ನಿಮ್ಮ ಯಜಮಾನ್ರು ಬೈಕಿನ ಮ್ಯಾಲಿಂದ ಇಳೀದನ ಪಾಕೀಟ ಕೊಟ್ಟು ಹೋದ್ರು. ನಾ ಬರೂದಿಲ್ಲ ಬಿಡ್ರಿ!"

ಕಂಪ್ಯೂಟರ್ ಅಳಿಸದೆ ಉಳಿಸಿದ್ದು ಅವರೊಬ್ಬರನ್ನೇ. ಅವರನ್ನು ಕಳೆದುಕೊಳ್ಳಲು ನಮಗೆ ಯಾವ ಕಮಾಂಡೂ ಬೇಕಾಗಲಿಲ್ಲ.