ಪಿಕಪ್‌ಗೆ ಟ್ಯೂನಿಂಗ್ ಬೇಡ ಎಂದು ವಿವರಿಸಿದ್ದು

ಗಾಡಿಗಳ ವಿಷಯ ಗೊತ್ತಿರುವ ಗೆಳೆಯರೇ, ಇವತ್ತು ನಾನು ಹೇಳಿದ್ದರಲ್ಲಿ ತಪ್ಪೇನಿತ್ತು, ನೀವೇ ಹೇಳಿ.

ನಮ್ಮ ಎಣ್ಣೆ ಗಾಣಕ್ಕೆ ಕೊಬ್ಬರಿ ತರುವ ಪಿಕಪ್‌ಗೆ ತಮ್ಮ ಮಂಜು ಕಳೆದ ತಿಂಗಳು ದೊಡ್ಡ ಟಯರ್ ಹಾಕಿಸಿ, ಮುಂದೆ ಕಬ್ಬಿಣದ ಬಂಪರ್ ಕೂರಿಸಿದ. ಆಗಿನಿಂದ ಲೋಡ್ ಹಾಕಿದರೆ ಗಾಡಿ ಏರು ಹತ್ತಲು ಒದ್ದಾಡುತ್ತದೆ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಮಾಡಿಸಬೇಕೆಂದು ಅವನ ಹಟ. ಬೆಳಿಗ್ಗೆ ಟ್ಯೂನಿಂಗ್ ಬಗ್ಗೆ ಇಂಗ್ಲಿಷ್ ಲೇಖನ ತೆರೆದು ಮೊಬೈಲ್ ನನ್ನ ಮುಂದಿಟ್ಟ.

“ಅಕ್ಕಾ, ನೀನು ಇಂಗ್ಲಿಷಲ್ಲಿ ಓದಿರೋಳು. ಬೇಕಾ ಬ್ಯಾಡ್ವಾ ನೋಡಿ ಏಳು.”

ಒಂದು ಗಂಟೆ ಓದಿದೆ. ಸಾಲದೆಂದು ದುದ್ದದ ಮೆಕ್ಯಾನಿಕ್ ರಂಗಣ್ಣನಿಗೂ ಫೋನ್ ಮಾಡಿದೆ. “ಎಂಜಿನ್ ಕಂಪ್ನಿದೇ ಐತೆ, ಅದ್ಕ್ಯಾಕವ್ವಾ ಟ್ಯೂನಿಂಗು? ಅಳೇ ಟಯರ್ ಆಕ್ಸಿ, ತಾನೇ ಎಳೀತದೆ,” ಅಂದ.

ಮಂಜುವಿಗೆ ಬಿಡಿಸಿ ಹೇಳಿದೆ. “ಟರ್ಬೊ, ಸೈಲೆನ್ಸರ್ ಏನಾದ್ರೂ ಬದಲಾಯಿಸಿದ್ರೆ ಟ್ಯೂನಿಂಗ್ ಬೇಕಾಗ್ತಿತ್ತು ಕಣೋ. ನೀನು ಎಂಜಿನ್ ಮುಟ್ಟೇ ಇಲ್ಲ. ಸುಮ್ನೆ ವಾರಂಟಿ ಕಳ್ಕೋಬೇಡ.”

ಅವನು ಗಂಭೀರವಾಗಿ ಯೋಚಿಸಿದ. ಒಪ್ಪಿದ ಎಂದುಕೊಂಡೆ.

“ಅಂಗಾದ್ರೆ ಮೊದ್ಲು ಸೈಲೆನ್ಸರ್ ಬದ್ಲಾಯಿಸ್ಬುಡನ ಬಿಡಕ್ಕಾ. ಆಮ್ಯಾಕೆ ಟ್ಯೂನಿಂಗ್ ಬೇಕೇ ಬೇಕಲ್ಲ?”

ಬೇಡ ಅನ್ನಲು ನಾನು ಕೊಟ್ಟ ಕಾರಣವನ್ನೇ ಸಾಮಾನಿನ ಪಟ್ಟಿ ಮಾಡಿಕೊಂಡ. ಬರೀ ‘ಬೇಡ’ ಅಂದು ಸುಮ್ಮನಾಗಬೇಕಿತ್ತೇನೋ. ಎಲ್ಲವನ್ನೂ ವಿವರಿಸುವ ಈ ಚಟ ನನಗೆ ಎಲ್ಲಿಂದ ಬಂತೋ.

ಮಧ್ಯಾಹ್ನವೇ ಪಿಕಪ್ ಹಾಸನದ ಗ್ಯಾರೇಜು ಸೇರಿತು. ನಾಳೆ ಕೊಬ್ಬರಿ ಬರದಿದ್ದರೆ ಗಾಣ ನಿಲ್ಲುತ್ತದೆ, ಹಾಗಾಗಿ ಅದನ್ನು ತರಲು ಶಾಂತಿಗ್ರಾಮಕ್ಕೆ ಬಾಡಿಗೆ ಲಗೇಜ್ ಆಟೊ ಹೇಳಿದೆ.

“ನಿಮ್ ಗಾಡಿಗೇನಾಯ್ತಕ್ಕಾ?” ಎಂದು ಆಟೊದವನು ಕೇಳಿದ.

“ಏನೂ ಆಗಿಲ್ಲಪ್ಪ,” ಅಂದೆ. ಅದಕ್ಕಿಂತ ಹೆಚ್ಚು ವಿವರಿಸಲು ಧೈರ್ಯ ಬರಲಿಲ್ಲ.