ಹಾಕದ ಎಸ್‌ಎಸ್‌ಡಿಯ ಸ್ಪೀಡು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅದನ್ನು ಬೇರೆಯವರ ಬಾಯಿಂದ ಕೇಳುವುದು ಬೇಡ. ಅಕ್ಕನ ಲ್ಯಾಪ್‌ಟಾಪಿನಿಂದ ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದವನು ನಾನೇ. ಅದರ ಬದಲಿಗೆಂದು ತಂದ ವೇಗದ ಹೊಸ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಪಕ್ಕದಲ್ಲೇ ಬಿದ್ದಿರುವಾಗ ಅದೇ ಹಳೆಯದನ್ನು ಮತ್ತೆ ಒಳಗೆ ಕೂರಿಸಿ, ಸ್ಕ್ರೂ ಬಿಗಿದು, ಕೈ ಒರೆಸಿಕೊಂಡು ಎದ್ದವನೂ ನಾನೇ. ಅಷ್ಟಕ್ಕೇ ನಿಂತಿದ್ದರೆ ಸ್ವಲ್ಪ ಮಾನ ಉಳಿಯುತ್ತಿತ್ತು. ಆ ಮೇಲೆ ವಾರವಿಡೀ "ಅಬ್ಬಾ, ಎಂಥ ಸ್ಪೀಡು!" ಎಂದು ಹೊಗಳಿದವರಲ್ಲಿ ಮೊದಲನೆಯವನೂ ನಾನೇ.

ಆಗ ನಾನು ದುಬೈಯ ಅಲ್ ನಹ್ದಾದಲ್ಲಿ ಅಕ್ಕ-ಭಾವನ ಫ್ಲ್ಯಾಟಿನಲ್ಲಿದ್ದೆ. ಹಾಲಿನ ಸೋಫಾವೇ ನನ್ನ ಕೋಣೆ. ಹಗಲು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡುವ ಕೆಲಸ, ಸಂಜೆ ಮನೆಯಲ್ಲಿ ಮಿಮಿಕ್ರಿ. ಬಾಸಿನ ಫೋನ್ ಬಂದರೆ ಭಾವ ಸೋಫಾದಿಂದ ಎದ್ದು ನಿಂತು, ಕೈಯಲ್ಲಿದ್ದ ಎಸಿ ರಿಮೋಟನ್ನೂ ಮೆಲ್ಲಗೆ ಕೆಳಗಿಟ್ಟು "ಯೆಸ್ ಸರ್" ಅನ್ನುತ್ತಿದ್ದುದು ನನ್ನ ಅತ್ಯಂತ ಬೇಡಿಕೆಯ ಐಟಂ. ಭಾವನೇ ಅದನ್ನು ನೆಂಟರ ಮುಂದೆ ಮಾಡಿಸುತ್ತಿದ್ದರು.

ಅಕ್ಕ ಮಂಗಳೂರಿನಲ್ಲಿ ಮನೆಗಳ ಒಳವಿನ್ಯಾಸ ಮಾಡುತ್ತಿದ್ದವಳು. ಗಂಡನ ವೀಸಾದಲ್ಲಿ ಬಂದ ಮೇಲೆ ಅವಳಿಗೆ ಸಿಕ್ಕಿದ್ದು ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದ ಒಂದು ಅಡುಗೆಮನೆ. ಕಷ್ಟಪಟ್ಟು ಒಂದು ಇಂಟರ್‌ವ್ಯೂ ಗಿಟ್ಟಿಸಿದ್ದಳು. ಅಲ್ಲಿ ಅವಳ ನಕ್ಷೆಗಳನ್ನು ತೆರೆಯಲು ಲ್ಯಾಪ್‌ಟಾಪಿನ ಪರದೆಯಲ್ಲಿ ಚಕ್ರ ಎಷ್ಟು ಹೊತ್ತು ತಿರುಗಿತೆಂದರೆ, ಎದುರಿಗಿದ್ದವರು ಮೊದಲು ಮೊಬೈಲ್ ನೋಡಿದರಂತೆ, ಆಮೇಲೆ ವಾಚು, ಆಮೇಲೆ ಬಾಗಿಲು. ಆ ದಿನ ಮನೆಗೆ ಬಂದವಳು ಲ್ಯಾಪ್‌ಟಾಪನ್ನು ಕಪಾಟಿನ ಮೇಲಿಟ್ಟು ನೇರ ಅಡುಗೆಮನೆಗೆ ಹೋದಳು, ಆ ಸಂಜೆ ಮಿಮಿಕ್ರಿಗೆ ರಜೆ. ಈಗ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಆಫೀಸು ಕರೆದಿತ್ತು. "ನಿಮ್ಮ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ತನ್ನಿ" ಎಂದಿದ್ದರು. ಇದೂ ತಪ್ಪಿದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ನಾನು ಬರ್ ದುಬೈಗೆ ಹೋಗಿ ಎಸ್‌ಎಸ್‌ಡಿ ತಂದೆ. ಅದರ ಜೊತೆ ಅಂಗಡಿಯವನನ್ನೂ ತಂದೆ. ಅಂದರೆ ಅವನ ದನಿ, ಕನ್ನಡಕವನ್ನು ಹಣೆಗೇರಿಸುವ ರೀತಿ, ಎಲ್ಲವನ್ನೂ. ಮನೆಗೆ ಬಂದವನೇ ಕನ್ನಡಕವಿಲ್ಲದ ಮೂಗಿನ ಮೇಲಿಂದ ಕನ್ನಡಕ ಎತ್ತಿ, "ಭಾಯ್, ಹಳೇದರಲ್ಲಿ ತಟ್ಟೆ ತಿರುಗ್ತದೆ, ಇದರಲ್ಲಿ ಏನೂ ತಿರುಗೋದಿಲ್ಲ. ರಾಕೆಟ್ ಭಾಯ್, ರಾಕೆಟ್!" ಎಂದೆ. ಭಾವ ಕಣ್ಣೀರು ಬರುವಷ್ಟು ನಕ್ಕರು.

"ಇನ್ನು ಅಂಗಡಿಗೆ ಕೊಡೋದು ಯಾಕೆ ಮಾರಾಯಾ? ಇಷ್ಟೆಲ್ಲ ಗೊತ್ತುಂಟಲ್ಲ ನಿಂಗೆ, ನೀನೇ ಹಾಕು."

ಎಡವಟ್ಟಾದದ್ದು ಇಲ್ಲೇ. ನಾನು ಡಾಕ್ಟರರನ್ನೂ ಚೆನ್ನಾಗಿ ಅನುಕರಿಸುತ್ತೇನೆ, ಆದರೆ ಹಾಗೆಂದು ಯಾರೂ ನನ್ನ ಕೈಗೆ ಕತ್ತರಿ ಕೊಟ್ಟು ಹೊಟ್ಟೆ ತೋರಿಸಿಲ್ಲ. ಆ ಶುಕ್ರವಾರ ಊಟದ ನಂತರ ಭಾವ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ನಾನೂ ನನ್ನ ಮಿಮಿಕ್ರಿಯನ್ನೇ ನಂಬಿಬಿಟ್ಟೆ.

ಹೊಸ ಡಿಸ್ಕನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ, ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿದೆ. ಅಲ್ಲಿಯವರೆಗೆ ಸರಿಯಾಗಿತ್ತು. ಹಿಂಬದಿ ಬಿಚ್ಚಿ ಹಳೆಯದನ್ನು ತೆಗೆದೆ, ಹೊಸದನ್ನೂ ಡಬ್ಬಿಯಿಂದ ತೆಗೆದೆ. ಎರಡೂ ಒಂದೇ ಅಳತೆಯವು.

"ಇದೆಂಥದು, ಅವಳಿ ಮಕ್ಕಳ ಹಾಗುಂಟು!" ಎಂದರು ಭಾವ.

ಅಷ್ಟು ಸಾಕಾಯಿತು ನನಗೆ. ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಬೊಂಬೆಯಾಟ ಶುರುಮಾಡಿದೆ. ಎಡಗೈಯ ಹಳೆಯದು, ಮೊಣಕಾಲಿಗೆ ಕೈಕೊಟ್ಟು ಕುರ್ಚಿಯಿಂದ ಏಳುವ ನಮ್ಮ ಬಿಲ್ಡಿಂಗಿನ ವಾಚ್‌ಮನ್. ಬಲಗೈಯ ಹೊಸದು, ಪಾರ್ಸೆಲ್ ಇಟ್ಟು ಲಿಫ್ಟಿಗೆ ಓಡುವ ಹುಡುಗ. ಬಹಳ ದಿನಗಳ ನಂತರ ಅಕ್ಕ ನಕ್ಕಳು. ಅವಳು ನಕ್ಕಳೆಂದು ಕೈ ಬದಲಾಯಿಸಿ ಇನ್ನೊಮ್ಮೆ ಆಡಿದೆ. ಆಟ ಮುಗಿದಾಗ ಯಾವ ಕೈಯಲ್ಲಿ ಯಾರಿದ್ದರೆಂದು ಪ್ರೇಕ್ಷಕರು ಕೇಳಲಿಲ್ಲ, ಕಲಾವಿದನೂ ಕೇಳಿಕೊಳ್ಳಲಿಲ್ಲ. ಹಳೆಯದು ಭಾರ, ಹೊಸದು ಹಗುರ. ಮೇಲೆ ಚೀಟಿ ಬೇರೆ ಅಂಟಿಸಿರುತ್ತಾರೆ. ಚಪ್ಪಾಳೆಯ ನಡುವೆ ಚೀಟಿ ಓದುವವರು ಯಾರು?

ಬಲಗೈಯಲ್ಲಿದ್ದುದನ್ನು ಒಳಗೆ ಕೂರಿಸಿ, ಹಿಂಬದಿ ಮುಚ್ಚಿ, ಸ್ವಿಚ್ ಒತ್ತಿದೆ.

"ನೋಡಿ ಭಾವಾ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ!"

"ಹೌದು ಮಾರಾಯಾ!" ಎಂದರು ಭಾವ. ಅವರು ಕಣ್ಣು ಮುಚ್ಚಿದ್ದು ಕೊಂಚ ಹೆಚ್ಚು ಹೊತ್ತಾಗಿರಬೇಕು, ಊಟ ಗಡದ್ದಾಗಿತ್ತು.

ಅಕ್ಕ ಮಾತ್ರ ಪರದೆ ನೋಡುತ್ತಾ, "ನಂಗೇನೋ ಮೊದಲಿನ ಹಾಗೇ ಕಾಣ್ತದೆ" ಎಂದಳು.

"ಮಾರಾಯ್ತಿ, ನಿಂಗೆ ಅವಸರ ಜಾಸ್ತಿ, ಅದಕ್ಕೇ ನಿಧಾನ ಕಾಣೋದು" ಎಂದು ಭಾವ ವಿವರಿಸಿದರು.

"ಸ್ಪೀಡ್ ಗೊತ್ತಾಗ್ಲಿಕ್ಕೆ ಅಭ್ಯಾಸ ಬೇಕು ಅಕ್ಕಾ" ಎಂದು ನಾನೂ ಸೇರಿಸಿದೆ. ವಾರವಿಡೀ ಹೀಗೇ ಹೇಳಿ ಹೇಳಿ ಅವಳ ಬಾಯಿ ಮುಚ್ಚಿಸಿದೆವು. ಭಾವ ಎದುರು ಫ್ಲ್ಯಾಟಿನವರಿಗೂ ನನ್ನನ್ನು ಶಿಫಾರಸು ಮಾಡಿದರು.

ಇಂಟರ್‌ವ್ಯೂ ದಿನ ಭಾವನೇ ಕಾರು ಓಡಿಸಿದರು. ದಾರಿಯಲ್ಲಿ ಅಕ್ಕ, "ಈಗಲೇ ಆನ್ ಮಾಡಿಟ್ಕೊಳ್ಳಲಾ?" ಎಂದಳು. ಹಿಂದಿನ ಸೀಟಿನಿಂದ ನಾನು, "ರಾಕೆಟ್ಟನ್ನು ಯಾರಾದ್ರೂ ಮೊದಲೇ ಬಿಸಿ ಮಾಡ್ತಾರಾ?" ಎಂದೆ.

ಅವಳು ಆ ಎತ್ತರದ ಕಟ್ಟಡದೊಳಗೆ ಹೋದಳು. ನಾವು ಕೆಳಗೆ ಪಾರ್ಕಿಂಗಿನಲ್ಲಿ ಕರಕ್ ಚಹಾ ಕುಡಿದು, ಇನ್ನೊಂದೊಂದು ಕುಡಿದು ಕಾದೆವು. ಕೊನೆಗೂ ಬಂದಳು. ಬಾಗಿಲು ಹಾಕಿಕೊಂಡು, ಬೆಲ್ಟ್ ಕಟ್ಟಿಕೊಂಡು, "ಮುಂದಿನ ತಿಂಗಳಿಂದ ಬರ್ಲಿಕ್ಕೆ ಹೇಳಿದ್ದಾರೆ" ಎಂದಳು.

ಭಾವ ಸ್ಟೇರಿಂಗಿಗೆ ಗುದ್ದಿದರು, ಹಾರ್ನ್ ಹೊಡೆದುಕೊಂಡಿತು. ನಾನು ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. "ಹೇಳಿದ್ನಲ್ಲ ಭಾಯ್, ರಾಕೆಟ್!"

"ನಿನ್ನ ರಾಕೆಟ್ ನೆಲ ಬಿಟ್ಟು ಏಳಲೇ ಇಲ್ಲ" ಎಂದಳು ಅಕ್ಕ. "ಸುಮ್ಮನೆ ತಿರುಗ್ತಾ ಕೂತಿತ್ತು. ಇಂಟರ್‌ವ್ಯೂ ಮಾಡ್ತಿದ್ದ ಮೇಡಂ 'ಯಲ್ಲಾ, ಯಲ್ಲಾ' ಅಂತ ಅವಸರ ಮಾಡಿ ಪೆನ್ನು ಕುಟ್ಲಿಕ್ಕೆ ಶುರು ಮಾಡಿದ್ರು. ನಾನು ಅದೇ ಪೆನ್ನು ಕೇಳಿ ತಗೊಂಡು, ನಮ್ಮ ಅಡುಗೆಮನೆಯನ್ನು ಹೇಗೆ ದೊಡ್ಡದು ಮಾಡ್ಬಹುದು ಅಂತ ಕಾಗದದಲ್ಲಿ ಬರೆದು ತೋರಿಸಿದೆ. ಅದು ಓಪನ್ ಆಗುವಾಗ ಅವರು ಕೆಲಸ ಕೊಟ್ಟಾಗಿತ್ತು."

"ಸಾಧ್ಯವೇ ಇಲ್ಲ!" ಎಂದೆ ನಾನು.

"ಸಾಧ್ಯವೇ ಇಲ್ಲ" ಎಂದರು ಭಾವ ಕೂಡ. "ಇವ ತೆಗೆದಿಟ್ಟ ಆ ಹಳೇ ಡಿಸ್ಕನ್ನೇ ಮೊನ್ನೆ ಆ ಪುಟ್ಟ ಡಬ್ಬಿಗೆ ಹಾಕಿ ಸಿನಿಮಾ ತುಂಬಿಸಿದೆ. ಅದೇ ಎಂಥ ಫಾಸ್ಟ್ ಗೊತ್ತುಂಟಾ! ಸೌಂಡೇ ಇಲ್ಲ. ಕೈಯಲ್ಲಿ ಹಿಡಿದ್ರೆ ಭಾರವೂ ಇಲ್ಲ..."

ವಾಕ್ಯ ಮುಗಿಯಲಿಲ್ಲ. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ಕಿಟಕಿಯಲ್ಲಿ ಪಕ್ಕದ ಕಾರು ನೋಡಿದೆ. ಅಕ್ಕ ಸೀಟಿನಲ್ಲಿ ಪೂರ್ತಿ ಹಿಂದೆ ತಿರುಗಿದಳು. ನನ್ನ ಗಂಟಲಿನಲ್ಲಿ ಆ ಹೊತ್ತಿಗೆ ಬೇರೆ ಯಾರ ದನಿಯೂ ಇರಲಿಲ್ಲ, ನನ್ನದೇ ಬಂತು.

"ಅಕ್ಕಾ... ಮನೆಗೆ ಹೋದ ಕೂಡಲೇ ನಿಜವಾದ್ದನ್ನೇ ಹಾಕಿ ಕೊಡ್ತೇನೆ, ಆಯ್ತಾ?"

"ಹಾಕೋದೆಲ್ಲ ಬೇಡ ಮಾರಾಯಾ" ಎಂದಳು ಅಕ್ಕ. "ಹಾಕಿದೆ ಅಂತ ಬಾಯಲ್ಲಿ ಹೇಳು ಸಾಕು. ನಿಂಗೂ ನಿನ್ನ ಭಾವನಿಗೂ ಅಷ್ಟರಲ್ಲೇ ಸ್ಪೀಡ್ ಬರ್ತದೆ."