ತೊಳೆದ ಕಲ್ಲು

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಕಲ್ಲಿನ ಚೂರಿದೆ. ಅದಕ್ಕೆ ಎರೆಮಣ್ಣು ಮೆತ್ತಿದೆ, ಮೊದಲ ಮಳೆಗೆ ಹೊಲದಿಂದ ಬರುವಂಥ ವಾಸನೆ. ಒರೆಸಿಡೋಣವೆಂದು ಬಟ್ಟೆ ತಂದವಳು ಕೈ ತಡೆದೆ. ಮಾಳಿಗೆಯ ಮೇಡಂ ಇದ್ದಿದ್ದರೆ ಬೈಯುತ್ತಿದ್ದರು...

ಆಳಂದದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಜೇವರ್ಗಿ ಕಡೆಯ ಕೊಳಕೂರದವರು. ಒರಟಾದ ಎರಡು ಬಂಡೆಗಳು ಒಂದಕ್ಕೊಂದು ಎಲ್ಲಿ ತಾಗುತ್ತವೆ, ಯಾವಾಗ ಜಾರುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಅವರ ಸಂಶೋಧನೆ. ಕಲ್ಲಿನ ಮೈಯನ್ನು ಸ್ಕ್ಯಾನ್ ಮಾಡಿ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುತ್ತಿದ್ದರು. ಪೂರ್ತಿ ಕೂಡಿಕೊಂಡಂತೆ ಕಾಣುವ ಕಲ್ಲುಗಳು ನಿಜಕ್ಕೂ ತಾಗುವುದು ಅಲ್ಲೊಂದು ಇಲ್ಲೊಂದು ಮೊನೆಯಲ್ಲಿ ಮಾತ್ರವಂತೆ. ತಾಗಿದ ಕಡೆಯೆಲ್ಲ ಒಂದು ಸ್ಪ್ರಿಂಗ್ ಇದೆಯೆಂದು ಇಟ್ಟುಕೊಳ್ಳಬೇಕು. ಅದು ಮೆತ್ತಗಾದರೆ ಕಲ್ಲೊಳಗೆ ಕಲ್ಲು ತೂರುತ್ತದೆ, ಬಿರುಸಾದರೆ ಲೆಕ್ಕ ಒಂದು ಉತ್ತರಕ್ಕೆ ನಿಲ್ಲದೆ ಕುಣಿಯತೊಡಗುತ್ತದೆ. ಲೆಕ್ಕದ ಜೊತೆ ಅವರೂ ಕುಣಿಯುತ್ತಿದ್ದರು. ರೊಟ್ಟಿಯನ್ನೂ ಅಡ್ಡಾಡುತ್ತಲೇ ತಿನ್ನುತ್ತಿದ್ದರು. ತಲೆಯ ಮೇಲಿನ ಆ ಸದ್ದಿಗೆ ನನಗೆ ಚಿಟ್ಟು ಹಿಡಿಯುತ್ತಿತ್ತು.

ನಿಂಬರ್ಗಾದ ಹಳೆಯ ಬಾವಿಯ ಮೆಟ್ಟಿಲ ಮೇಲೆ ಒಂದು ಬಂಡೆ ಚಾಚಿಕೊಂಡಿತ್ತು, ಅದರ ಹಿಂದೆ ಉದ್ದಕ್ಕೂ ಬಿರುಕು. ಕೆಳಗೇ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಂಡೆ ನಿಲ್ಲುತ್ತದೋ ಬೀಳುತ್ತದೋ ಹೇಳಿ ಎಂದು ಊರವರು ಇವರನ್ನು ಕೇಳಿದ್ದರು. ಬಿರುಕಿನ ಎರಡೂ ಮಗ್ಗುಲಿನಿಂದ ಒಂದೊಂದು ತುಂಡು ತೆಗೆದಿಡಲು ಫೋನಿನಲ್ಲಿ ಹೇಳಿ, ಆಮೇಲೆ ಹೋಗಿ ತಂದರು. ವಾರಗಟ್ಟಲೆ ಲೆಕ್ಕ ನಡೆಯಿತು. ನಿಲ್ಲುತ್ತದೆ ಎಂದು ಉತ್ತರ ಬಂತು.

ನಾನು ಖುಷಿಪಟ್ಟೆ. ಅವರಿಗೆ ಮಾತ್ರ ಸಮಾಧಾನವಿಲ್ಲ. "ಯಾಕೋ ಮನಸಿಗಿ ಒಪ್ಪವಲ್ದು ಅಕ್ಕಾರ. ನಡ್ರಿ, ಇನ್ನೊಮ್ಮೆ ನೋಡಿ ಬರೋಣ್ರಿ," ಎಂದು ನನ್ನನ್ನೂ ಹೊರಡಿಸಿದರು.

ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದ ಒಬ್ಬ ಹೆಣ್ಣುಮಗಳು ಗುರುತು ಹಿಡಿದಳು. "ಕಲ್ಲು ಚಲೋ ಇದ್ವಿಲ್ರಿ ಮೇಡಂ? ಎರಿಮಣ್ಣು ಮೆತ್ತಿತ್ರಿ. ನೀವು ಮುಟ್ಟೋದದ ಅಂತ ನಾನೇ ನಾರು ಹಚ್ಚಿ ತಿಕ್ಕಿ ತೊಳದಿದ್ದೆ," ಎಂದಳು ಹೆಮ್ಮೆಯಿಂದ. ಬರುವವರಿಗೆಂದು ತಂಬಿಗೆ ಬೆಳಗಿಡುವ ಮಂದಿ; ಕೆಸರು ಮೆತ್ತಿದ ಕಲ್ಲನ್ನು ಕೊಟ್ಟು ಕಳಿಸಿಯಾರೇ?

ಮೇಡಂ ನಿಂತಲ್ಲೇ ನಿಂತುಬಿಟ್ಟರು. ಅವರು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಲ್ಲು ಕಲ್ಲನ್ನು ಕಚ್ಚಿ ಹಿಡಿಯುತ್ತದೆಂದು ಲೆಕ್ಕ ಹಾಕಿದ್ದರು. ನಡುವೆ ಮಣ್ಣಿದ್ದರೆ ಮೊನೆಗೆ ಮೊನೆ ತಾಗುವುದಾದರೂ ಹೇಗೆ? ಮನೆಗೆ ಬಂದು ಮಣ್ಣು ಸೇರಿಸಿ ಹೊಸದಾಗಿ ಲೆಕ್ಕ ಹಾಕಿದರು. ಲೆಕ್ಕದಲ್ಲಿ ಮಣ್ಣು ಒಣಗಿದ್ದಾಗ ಬಂಡೆ ನಿಂತಿತು, ನೆನೆದರೆ ಜಾರಿತು. ಮರುದಿನವೇ ಹೋಗಿ, ಯಾರೂ ಇಳಿಯದಂತೆ ಮೆಟ್ಟಿಲಿಗೆ ಜಾಲಿಮುಳ್ಳು ಹಚ್ಚಿಸಿದರು.

ಮಳೆಗಾಲ ಬಂತು, ಹೋಯಿತು. ಬಂಡೆ ಬೀಳಲಿಲ್ಲ. ಮರುವರ್ಷವೂ ಬೀಳಲಿಲ್ಲ. ಊರವರು ನಕ್ಕು, ಮುಳ್ಳು ಸರಿಸಿ ಇಳಿಯತೊಡಗಿದರು. ಮಳೆ ಹಿಡಿದಾಗಲೆಲ್ಲ ಮೇಡಂ ಆ ಹೆಣ್ಣುಮಗಳಿಗೆ ಫೋನ್ ಮಾಡಿ, "ಮುಳ್ಳು ಹಚ್ಚೀರಿಲ್ಲೋ ಯವ್ವಾ?" ಎಂದು ಕೇಳುತ್ತಿದ್ದರು. "ನನ್ನ ಲೆಕ್ಕ ಸುಳ್ಳಾದ್ರ ಆಗ್ಲಿ ಅಕ್ಕಾರ," ಎನ್ನುತ್ತಿದ್ದರು ನನಗೆ. ಹೋದ ವರ್ಷ ಆಸ್ಪತ್ರೆಯ ಹಾಸಿಗೆಯಿಂದಲೂ ಕೇಳಿದ್ದರು... ಅವರು ತೀರಿಕೊಂಡ ಮೇಲಿನ ಮೊದಲ ಮಳೆಗಾಲ ಇದು.

ಮೊನ್ನೆ ಆ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಮಳೆಗೆ ಬಂಡೆ ಜಾರಿತಂತೆ. "ಫೋನ್ ಬರ್ಲಿಲ್ಲ ಅಂದ್ರೂ ಮುಳ್ಳು ಹಚ್ಚಿದ್ದೆರಿ. ಕೆಳಗ ಯಾರೂ ಇರ್ಲಿಲ್ಲ. ಮೇಡಂಗ ಹೇಳ್ರಿ," ಎಂದು ಸೆರಗಿನ ಗಂಟಿನಿಂದ ಈ ಚೂರು ತೆಗೆದಳು. "ಈ ಸಲ ತೊಳದಿಲ್ರಿ."

ಮೇಡಂ ಹೋದ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಹೇಳುತ್ತೇನೆ ಎಂದು ಇಸಿದುಕೊಂಡೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೈಯಲ್ಲಿ ರೊಟ್ಟಿ ಹಿಡಿದು ಮನೆತುಂಬ ಅಡ್ಡಾಡುತ್ತೇನೆ... ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲ.